ಏಳು ಕುರಿ, ಒಂದೇ ಹೆಣ

ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಬದುಗಳ ಮೇಲೆ ಎಳೆ ಹುಲ್ಲು ಚಿಗುರಿತ್ತು. ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಆ ಹಸಿರು ಕಂಡರೆ ಎಲ್ಲರೂ ಹಿಗ್ಗುತ್ತಾರೆ, ಪಶುವೈದ್ಯರನ್ನು ಬಿಟ್ಟು. ಬೇಸಿಗೆಯೆಲ್ಲ ಒಣ ಕಡ್ಡಿ ಮೇದ ಕುರಿ ಎಳೆ ಹುಲ್ಲಿಗೆ ಒಮ್ಮೆಲೇ ಬಾಯಿ ಹಾಕಿದರೆ ಕರುಳುಬೇನೆ ಬರುತ್ತದೆ. ಸಂಜೆ ನೆಟ್ಟಗಿದ್ದ ಕುರಿ ಬೆಳಗಾಗುವಷ್ಟರಲ್ಲಿ ಕಾಲು ಚಾಚಿ, ಹೊಟ್ಟೆ ಉಬ್ಬಿ ಬಿದ್ದಿರುತ್ತದೆ.

ಆಸ್ಪತ್ರೆಯ ಬೀಗ ತೆಗೆಯುವ ಮೊದಲೇ ಫೋನು ಬಂತು.

"ಡಾಕ್ಟ್ರವ್ವಾ, ಕುರಿ ಬಿದ್ದಾವ. ನಿನ್ನಿ ಸಂಜಿಕ ಎರಡು, ಈಗ ನೋಡಿದ್ರ ಮತ್ತ ಐದು. ಲಗೂನ ಬರ್ರಿ."

ಫೋನು ಮಾಡಿದವಳು ನನಗೆ ಗೊತ್ತಿದ್ದ ಕುರಿಯೊಡತಿ. ಇಟಗಿಗೆ ಹೋಗುವ ದಾರಿಯ ಒಂದು ಹೊಲದಲ್ಲಿ ಹೊಲದವನು ಗೊಬ್ಬರಕ್ಕಾಗಿ ಆಕೆಯ ಕುರಿಗಳನ್ನು ರಾತ್ರಿ ತಂಗಿಸಿ ತರುಬಿಸಿಕೊಂಡಿದ್ದ. ಗಂಡ ಅರ್ಧ ಹಿಂಡು ಹೊಡೆದುಕೊಂಡು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಗದ್ದೆಗಳಿಗೆ, ಭತ್ತದ ಕೂಳೆ ಮೇಯಿಸಲು ಹೋಗಿದ್ದ. ಉಳಿದರ್ಧ ಈಕೆಯ ಪಾಲಿಗಿತ್ತು. ಹಿಂಡಿನ ವಿಮೆ ಇದ್ದದ್ದೂ ಈಕೆಯ ಹೆಸರಿನಲ್ಲೇ.

ಲಸಿಕೆಯ ಡಬ್ಬಿ, ಚಾಕು, ಸುಣ್ಣದ ಚೀಲ ಹಾಕಿಕೊಂಡು ನಾನೂ ನಮ್ಮ ಆಸ್ಪತ್ರೆಯ ಸಹಾಯಕನೂ ಬೈಕಿನಲ್ಲಿ ಹೋದೆವು. ಮೊದಲು ಬದುಕಿದ್ದವಕ್ಕೆ ಸೂಜಿ ಹಾಕಿದೆ. ಆಮೇಲೆ ಸತ್ತವುಗಳ ಕಡೆ ತಿರುಗಿದೆ.

ಶವಪರೀಕ್ಷೆ ಕಷ್ಟದ ಕೆಲಸವಲ್ಲ, ಮೂಗಿನ ಕೆಲಸ. ಸಹಾಯಕ ಪಕ್ಕೆಲುಬಿನ ಕೆಳಗೆ ಚಾಕು ಇಟ್ಟು ಎಳೆದಾಗ ಹೊಟ್ಟೆಯ ಗಾಳಿ ಉಸ್ಸೆಂದು ಹೊರಬರುತ್ತದೆ. ಅರೆಬೆಂದ ಸೊಪ್ಪಿಗೆ ಕೊಳೆತ ಮೊಟ್ಟೆ ಬೆರೆಸಿದಂಥ ವಾಸನೆ. ನೊಣಗಳು ಎಲ್ಲಿಂದ ಬರುತ್ತವೋ ಗೊತ್ತಾಗುವುದಿಲ್ಲ, ಮೊದಲು ಗಾಯಕ್ಕೆ, ಆಮೇಲೆ ನಮ್ಮ ತುಟಿಗೆ. ಕರುಳು ಕೆಂಪೇರಿದ್ದವು, ಮೂತ್ರಪಿಂಡ ಬೆರಳಿಟ್ಟರೆ ಒತ್ತಿ ಹೋಗುವಷ್ಟು ಮೆತ್ತಗಾಗಿತ್ತು. ಕರುಳುಬೇನೆಯೇ. ಏಳನೆಯದು ಗಬ್ಬದ ಕುರಿ. ಹೊಟ್ಟೆ ಸೀಳಿದಾಗ ತುಂಬು ಬೆಳೆದ ಮರಿ ಒಳಗೆ ಮಡಚಿಕೊಂಡಿತ್ತು. ಒಡತಿ ಒಮ್ಮೆ ನೋಡಿ ಆ ಕಡೆ ತಿರುಗಿದಳು.

ಈ ವಾಸನೆ ನನಗೆ ರೂಢಿಯಾಗಿತ್ತು. ಮನೆಯಲ್ಲಿ ಅತ್ತೆ ನನ್ನನ್ನು ಹಿತ್ತಿಲಲ್ಲೇ ನಿಲ್ಲಿಸಿ ಮೂರು ಕೊಡ ನೀರು ಹೊಯ್ದ ಮೇಲೆಯೇ ಒಳಗೆ ಬಿಡುತ್ತಿದ್ದರು. ಮೀಯಿಸಿದರೆ ಹೋಗುವ ಹೇಸಿಗೆ ಅದು. ಹೋಗದಿರುವ ಜಾತಿಯದು ಫೋಟೋ ತೆಗೆಯುವಾಗ ಶುರುವಾಗುತ್ತಿತ್ತು.

ವಿಮೆ ಕಂಪನಿಯವರು ಕೇಳುತ್ತಿದ್ದದ್ದು ಕುರಿಗೆ ಐದು ಚಿತ್ರ. ಒಂದನೆಯದರಲ್ಲಿ ಸತ್ತ ಕುರಿಯ ಪಕ್ಕ ಮಾಲೀಕರು, ಮುಖ ಕಾಣುವಂತೆ ಕುಳಿತಿರಬೇಕು. ಎರಡನೆಯದರಲ್ಲಿ ಕಿವಿಗೆ ಹೊಡೆದ ಹಳದಿ ಬಿಲ್ಲೆ, ಅದರ ಮೇಲಿನ ಅಂಕಿ ಓದುವಂತಿರಬೇಕು. ಮೂರನೆಯದು ಸೀಳಿದ ಹೊಟ್ಟೆ. ನಾಲ್ಕನೆಯದು ಹೂಳುವ ಗುಂಡಿ. ಐದನೆಯದು ನಾನು ಸಹಿ ಹಾಕಿದ ಶವಪರೀಕ್ಷೆಯ ವರದಿ. ಬಿಲ್ಲೆಯನ್ನು ಕತ್ತರಿಸಿ ತೆಗೆಯುವ ಹಾಗಿಲ್ಲ, ಕುರಿಯ ಜೊತೆಗೇ ಮಣ್ಣಿಗೆ ಹೋಗಬೇಕು. ತೆಗೆದಿಟ್ಟ ಬಿಲ್ಲೆ ಇನ್ನೊಂದು ಕುರಿಯ ಕಿವಿಗೆ ಹೋಗುತ್ತದೆಂದು ಅವರ ಅನುಮಾನ.

"ಯಕ್ಕಾ, ಸೆರಗು ಸರಿಸಿ ಈ ಕಡಿ ನೋಡ್ರಿ," ಅಂದೆ.

"ನಮ್ಮ ಮನ್ಯಾಗ ಸತ್ತವರ ಜೋಡಿನೂ ನಾವು ಫೋಟೋ ತಗಿಸಿಲ್ರಿ," ಎಂದಳು. ಆದರೂ ಕುಳಿತಳು. ಒಂದರ ಪಕ್ಕದಿಂದ ಎದ್ದು ಇನ್ನೊಂದರ ಪಕ್ಕಕ್ಕೆ, ಏಳು ಸಲ. ಕಂಪನಿಯವರಿಗೆ ಕಾಣಲೆಂದು ಸತ್ತ ಕುರಿಯ ತಲೆಯನ್ನು ಕಿವಿ ಹಿಡಿದು ಎತ್ತಿದಳು. ಗಬ್ಬದ ಕುರಿಯ ಹತ್ತಿರ ಬಂದಾಗ ಮಾತ್ರ, "ಇದರದು ಹೊಟ್ಟಿ ಮುಚ್ಚಿ ತಗೀರಲ್ಲ," ಎಂದು ಕೇಳಿದಳು. ಮುಚ್ಚಿ ತೆಗೆದರೆ ತಿರಸ್ಕಾರವಾಗುತ್ತದೆ ಎಂದು ಹೇಳಬೇಕಾಯಿತು.

ಸುಣ್ಣ ಸುರಿದು ಹೂಳಿದೆವು.

ಮಧ್ಯಾಹ್ನ ಆಸ್ಪತ್ರೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಮೊದಲೆಲ್ಲ ಕಂಪನಿಯ ವೆಬ್‌ಸೈಟಿಗೆ ಒಂದೊಂದೇ ಚಿತ್ರ ಏರಿಸಬೇಕಿತ್ತು. ಒಂದು ಏರಿತೆಂದರೆ ಪುಟ ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಲಾಗಿನ್ ಹೊರಗೆ ಬಿದ್ದಿರುತ್ತಿತ್ತು. ಆ ವರ್ಷ ಹೊಸ ಸೌಲಭ್ಯ ಬಂದಿತ್ತು. ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ನಮ್ಮ ಫೋಲ್ಡರ್ ತೆರೆಯುತ್ತದೆ. ಕಂಟ್ರೋಲ್ ಕೀ ಹಿಡಿದು ಐದೂ ಫೈಲನ್ನು ಆರಿಸಿದರೆ ಎಲ್ಲವೂ ಒಮ್ಮೆಗೇ ಹೋಗುತ್ತವೆ. ಕೊಪ್ಪಳದಲ್ಲಿ ತರಬೇತಿ ಕೊಟ್ಟವನು ಪರದೆಯ ಮೇಲೆ ಮಾಡಿ ತೋರಿಸಿ, "ಫೈಲಿನ ಹೆಸರು ಬರೀ ಅಂಕಿ ಇರಬೇಕು. ಒಂದು, ಎರಡು, ಮೂರು, ನಾಲ್ಕು, ಐದು. ಬೇರೆ ಹೆಸರು ಕೊಡಬೇಡಿ, ಯಾವ ಚಿತ್ರ ಯಾವ ಜಾಗಕ್ಕೆ ಎನ್ನುವುದು ಸಿಸ್ಟಮ್‌ಗೆ ತಿಳಿಯಬೇಕು," ಎಂದಿದ್ದ. ನಾವೆಲ್ಲ ಬರೆದುಕೊಂಡಿದ್ದೆವು.

ನಾನು ಏಳು ಫೋಲ್ಡರ್ ಮಾಡಿ, ಒಂದೊಂದಕ್ಕೂ ಆಯಾ ಕುರಿಯ ಬಿಲ್ಲೆಯ ಅಂಕಿ ಕೊಟ್ಟೆ. ಒಳಗಿನ ಫೈಲುಗಳಿಗೆ ಹೇಳಿದಂತೆ ಒಂದರಿಂದ ಐದು. ಫೋನಿನ ಚಿತ್ರಗಳು ದೊಡ್ಡವಾಗಿರುತ್ತವೆ, ಕುಗ್ಗಿಸಬೇಕು. ಕುಗ್ಗಿಸಿದೆ. ಐದನ್ನೂ ಆರಿಸಿ ಕಳಿಸಿದೆ. ಚಕ್ರ ತಿರುಗಿತು, ತಿರುಗಿತು, ಕೆಂಪು ಸಾಲು ಬಂತು: ಅಮಾನ್ಯ ಕಡತ. ಯಾವ ಕಡತ ಎಂದು ಹೇಳುವುದಿಲ್ಲ. ಐದರಲ್ಲಿ ಒಂದು ಕೆಟ್ಟರೆ ಐದನ್ನೂ ಉಗುಳುತ್ತದೆ. ಎರಡೆರಡೇ ಕಳಿಸಿ ನೋಡಿ, ವರದಿಯ ಸ್ಕ್ಯಾನು ಮಿತಿಗಿಂತ ಕೂದಲೆಳೆಯಷ್ಟು ದೊಡ್ಡದಿದೆ ಎಂದು ಕಂಡುಹಿಡಿದೆ. ಏಳು ವರದಿಯನ್ನೂ ಮತ್ತೆ ಕುಗ್ಗಿಸಿದೆ. ನಡುವೆ ಕರೆಂಟು ಹೋಗಿ ಬಂತು. ಕೈ ತೊಳೆದಿದ್ದರೂ ಕೀಲಿಮಣೆಯ ಮೇಲೆ ನೊಣ ಕೂರುತ್ತಿತ್ತು. ಕೊನೆಗೆ ಒಂದೊಂದು ಅರ್ಜಿಗೂ ಐದೈದು ಹಸಿರು ಗುರುತು ಬಂದವು. 'ಯಶಸ್ವಿಯಾಗಿದೆ.' ಏಳೂ ರಸೀದಿ ಮುದ್ರಿಸಿ ಒಡತಿಗೆ ಕಳಿಸಿಕೊಟ್ಟೆ.

ಎರಡು ವಾರದ ಮೇಲೆ ತಾಲ್ಲೂಕಿನ ನಮ್ಮ ಮೇಲಧಿಕಾರಿ ಕರೆಸಿದರು. ಕುರ್ಚಿ ತೋರಿಸಲಿಲ್ಲ, ಮೇಜಿನ ಮೇಲಿದ್ದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕಂಪನಿಯ ಷರಾ ಅದರಲ್ಲಿತ್ತು. ಒಂದೇ ಕುರಿಯನ್ನು ಏಳು ಕುರಿಗಳೆಂದು ತೋರಿಸಿ ವಂಚನೆಗೆ ಯತ್ನಿಸಲಾಗಿದೆ, ಏಳೂ ಅರ್ಜಿ ತಿರಸ್ಕೃತ, ವೈದ್ಯರಿಂದ ವಿವರಣೆ ಬೇಕು.

"ಏನಿದು ಮೇಡಂ?"

"ಸರ್, ಏಳೂ ನಾನ ಕೊಯ್ಸೀನಿ. ನನ್ನ ಫೋನಿನಾಗ ಎಲ್ಲಾ ಫೋಟೋ ಅದಾವ."

"ಹಂಗಾರ ಇಲ್ಲಿ ನೋಡ್ರಿ."

ಅವರ ಕಂಪ್ಯೂಟರಿನಲ್ಲಿ ಮೊದಲ ಅರ್ಜಿ ತೆರೆದರು. ಗಬ್ಬದ ಕುರಿ. ಸೀಳಿದ ಹೊಟ್ಟೆ, ಒಳಗೆ ಮಡಚಿದ ಮರಿ, ಪಕ್ಕದಲ್ಲಿ ಮುಖ ಕಿವುಚಿದ ಒಡತಿ. ಎರಡನೆಯ ಅರ್ಜಿ ತೆರೆದರು. ಅದೇ ಹೊಟ್ಟೆ, ಅದೇ ಮರಿ. ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ ಅದೇ. ಐದನೆಯದಕ್ಕೆ ನಾನು ಸಾಕು ಎಂದೆ. ವರದಿ ಕೂಡ ಎಲ್ಲದರಲ್ಲೂ ಏಳನೆಯ ಕುರಿಯದೇ. ನಾನು ಆರು ಕುರಿಗಳ ವರದಿ ಬರೆದೇ ಇರಲಿಲ್ಲವೇನೋ ಎಂಬಂತೆ ಅವು ಮಾಯವಾಗಿದ್ದವು. 

ಫೋನು ತೆಗೆದು ಮೂಲ ಚಿತ್ರಗಳನ್ನು ತೋರಿಸಿದೆ. ಅವರು ಅರ್ಧ ನೋಡಿ ಬದಿಗಿಟ್ಟರು.

"ನನಗ ತೋರಿಸಿ ಏನ್ ಮಾಡ್ತೀರಿ? ಕಂಪನಿಯವರು ಹಳೇ ಫೋಟೋ ತಗೊಳ್ಳೂದಿಲ್ಲ ಅಂತಾರ. ಎರಡ ದಾರಿ ಐತಿ ನೋಡ್ರಿ. ಒಂದು, ಅಗದು ಹೊರಗ ತಗದು, ಬಿಲ್ಲೆ ಕಾಣುವಂಗ ಹೊಸಾ ಫೋಟೋ ಹೊಡೀರಿ. ಇಲ್ಲಾಂದ್ರ..." ಅವರು ದನಿ ತಗ್ಗಿಸಿದರು. "ಮಾಲಕಳು ಒಂದ ಕುರಿ ತೋರಿಸಿ ನನಗ ಮೋಸ ಮಾಡಿದಳು ಅಂತ ಎರಡು ಸಾಲು ಬರದು ಕೊಡ್ರಿ. ನೀವು ಪಾರಾಗ್ತೀರಿ. ಅಕಿಗೇನ್ ನೌಕರಿ ಹೋಗೂದೈತಿ?"

ಅವರು ಆ ಮಾತನ್ನು ಬಾಳೆಹಣ್ಣು ಕೊಟ್ಟಷ್ಟು ಸಲೀಸಾಗಿ ಹೇಳಿದರು. ಕೆಟ್ಟ ಮನುಷ್ಯರೆಂದು ಹೆಸರಾದವರಲ್ಲ. ನನ್ನನ್ನು ಉಳಿಸುತ್ತಿದ್ದೇನೆಂದೇ ಅವರು ನಂಬಿದ್ದರು. ನಾನು ಬರೆಯುವುದಿಲ್ಲ ಎಂದೆ. "ಹಂಗಾರ ಅಗೀರಿ," ಎಂದರು.

ಒಡತಿಯ ಬಳಿ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹೊಲದವನು, ಮೋಸ ಮಾಡುವ ಖೊಟ್ಟಿ ಮಂದಿಯ ಕುರಿ ನನ್ನ ಹೊಲದಲ್ಲಿ ಬೇಡ, ನಾಳೆ ಹೊಡೆದುಕೊಂಡು ಹೋಗು ಎಂದಿದ್ದನಂತೆ. ಆಕೆ ಸದಸ್ಯೆಯಾಗಿದ್ದ ಕುರಿಗಾರರ ಸಂಘದವರು, ಒಬ್ಬಳ ಮೋಸಕ್ಕೆ ನಮ್ಮೆಲ್ಲರ ವಿಮೆ ನಿಲ್ಲುತ್ತದೆ, ಹೆಸರು ತೆಗೆಯುತ್ತೇವೆ ಎಂದಿದ್ದರು. ಮರಳಿಯಿಂದ ಗಂಡ ಫೋನು ಮಾಡಿ, ಏನು ಮಾಡಿದ್ದೀ ಎಂದು ಕೇಳಿದ್ದ.

"ಏನ್ ಮಾಡೀನ್ರಿ ನಾನು?" ಎಂದು ಆಕೆ ನನ್ನನ್ನು ಕೇಳಿದಳು. "ನೀವು ಕೂಡ್ರು ಅಂದ್ರಿ, ಕುಂತೆ. ಕಿವಿ ಎತ್ತು ಅಂದ್ರಿ, ಎತ್ತಿದೆ."

ಅಗೆಯಬೇಕಂತೆ ಎಂದು ಹೇಳಿದೆ. ಆಕೆ ಸಲಿಕೆ ತರಲು ಹೋದಳು.

ಹದಿನೈದು ದಿನ ಮಣ್ಣಲ್ಲಿದ್ದ ಕುರಿಯನ್ನು ಹೊರತೆಗೆಯುವುದು ವೈದ್ಯರು ಮಾಡಬಾರದ ಕೆಲಸ. ರೋಗದಿಂದ ಸತ್ತದ್ದನ್ನು ಮತ್ತೆ ಗಾಳಿಗೆ ತೆರೆಯಬಾರದು ಎಂದು ನಾವೇ ಹಳ್ಳಿ ಹಳ್ಳಿಗೆ ಹೇಳುತ್ತಿದ್ದೆವು. ಕೈಗವಸು ಎರಡೆರಡು ಹಾಕಿಕೊಂಡೆವು. ಸಹಾಯಕ ಮೂಗಿಗೆ ಟವೆಲು ಸುತ್ತಿಕೊಂಡು ಅಗೆದ. ಮಳೆ ಇಳಿದು ಸುಣ್ಣ ಗಟ್ಟಿ ಹೆಂಟೆಯಾಗಿತ್ತು. ಅದನ್ನು ಒಡೆದಾಗ ಬಂದ ವಾಸನೆಗೆ ಹಿಂಡಿನ ನಾಯಿ ದೂರ ಹೋಗಿ ನಿಂತಿತು. ಮೊದಲ ಕುರಿಯ ಉಣ್ಣೆ ಸಲಿಕೆಗೆ ಚಾಪೆಯಂತೆ ಎದ್ದು ಬಂತು, ಕೆಳಗೆ ಹುಳ ಅಕ್ಕಿಯ ಹಾಗೆ ಕುದಿಯುತ್ತಿದ್ದವು. ಬಿಲ್ಲೆ ಕಾಣಲೆಂದು ಸಹಾಯಕ ಕಿವಿ ಎಳೆದ. ಕಿವಿ ಬಿಲ್ಲೆಯ ಸಮೇತ ಕೈಗೇ ಬಂತು.

"ಮೇಡಂ, ಇದು ಕಿವ್ಯಾಗ ಇಲ್ಲ ಅಂತ ಮತ್ತ ತಕರಾರು ತಗಿತಾರ," ಎಂದ.

ಒಡತಿ ಸೆರಗು ಬಾಯಿಗೆ ಒತ್ತಿಕೊಂಡು ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕುಳಿತಳು. ನಾನು ಹೇಳುವ ಮೊದಲೇ ಸೆರಗು ಸರಿಸಿ ಮುಖ ತೋರಿಸಿದಳು. ಕಣ್ಣಲ್ಲಿ ನೀರು ಬರುತ್ತಿತ್ತು, ವಾಸನೆಗೋ ಯಾವುದಕ್ಕೋ.

ನಾನು ಫೋನು ಎತ್ತಿದೆ. ಪರದೆಯಲ್ಲಿ ಆಕೆ, ಗುಂಡಿ, ಸಹಾಯಕನ ಕೈಯ ಕಿವಿ. ಈ ಚಿತ್ರವನ್ನು ಒಯ್ದು ಏನು ಮಾಡುತ್ತೇನೆ ಎಂದು ಆಗ ಯೋಚನೆ ಬಂತು. ಅದೇ ಕಂಪ್ಯೂಟರಿನಲ್ಲಿ, ಅದೇ ಪುಟದಲ್ಲಿ, ಅದೇ ಗುಂಡಿ ಒತ್ತಿ, ಅದೇ ಒಂದು ಎರಡು ಮೂರು ಎಂದು ಹೆಸರಿಟ್ಟು ಏರಿಸುತ್ತೇನೆ. ಮೊದಲ ಸಲ ಆರು ಕುರಿ ಎಲ್ಲಿ ಹೋದವು ಎನ್ನುವುದೇ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಈ ಹೆಂಗಸನ್ನು ಇನ್ನೂ ಆರು ಕೊಳೆತ ಹೆಣಗಳ ಪಕ್ಕ ಕೂರಿಸಲು ಹೊರಟಿದ್ದೇನೆ.

"ಮುಚ್ರಿ," ಅಂದೆ.

"ಫೋಟೋ ತಗದಿಲ್ಲಲ್ರಿ ಇನ್ನಾ," ಎಂದಳು ಆಕೆ.

"ಬ್ಯಾಡ ಯಕ್ಕಾ. ಏಳ್ರಿ. ಎರಡು ದಿನ ಕೊಡ್ರಿ ನನಗ."

ಇದ್ದ ಸುಣ್ಣವನ್ನೆಲ್ಲ ಸುರಿದು ಮುಚ್ಚಿದೆವು. ಹೊಲದವನಿಗೆ ನಾನೇ ಹೋಗಿ, ಕುರಿ ಇಲ್ಲೇ ಇರಲಿ, ಸತ್ತವು ಏಳೇ ಎನ್ನುವುದಕ್ಕೆ ಸಾಕ್ಷಿ ನಾನು ಎಂದು ಹೇಳಿದೆ. ಅವನು ಒಪ್ಪಿದನೋ ಇಲ್ಲವೋ, ಆ ವಾರ ಮಾತ್ರ ಹೊರಗೆ ಹಾಕಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು. "ಮೇಡಂ, ಬ್ರೌಸರ್ ಬದಲಾಯಿಸಿ ನೋಡಿ. ಕ್ಯಾಶ್ ಕ್ಲಿಯರ್ ಮಾಡಿ. ನಮ್ಮ ಕಡೆ ಎಲ್ಲಾ ಸರಿಯಾಗಿ ಕಾಣ್ತಿದೆ." ನಿಮ್ಮ ಕಡೆ ಏನು ಕಾಣುತ್ತಿದೆ ಎಂದು ಕೇಳಿದೆ. "ಹಸಿರು ಟಿಕ್ ಬಂದಿದೆ ಮೇಡಂ." ಬ್ರೌಸರು ಬದಲಿಸಿದೆ, ಕ್ಯಾಶ್ ಅಳಿಸಿದೆ, ಪಕ್ಕದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಏಳರಲ್ಲೂ ಅದೇ ಮರಿ.

ಆಮೇಲೆ ಪ್ರಯೋಗ ಮಾಡೋಣ ಎನಿಸಿತು. ರೋಗ ಗೊತ್ತಾಗದಿದ್ದರೆ ನಾವು ಒಂದೊಂದೇ ಅಂಗ ಬಿಡಿಸಿ ನೋಡುವುದಿಲ್ಲವೇ, ಹಾಗೆ. ಸತ್ತ ಕುರಿಯ ಚಿತ್ರ ಬಳಸುವ ಮನಸ್ಸಾಗಲಿಲ್ಲ. ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ 'ಅ' ಬರೆದು ಫೋಟೋ ತೆಗೆದೆ. ಇನ್ನೊಂದರ ಮೇಲೆ 'ಆ'. ವೆಬ್‌ಸೈಟಿನಲ್ಲಿ ಸಲ್ಲಿಸದೆ ಇಟ್ಟುಕೊಳ್ಳುವ ಕರಡು ಅರ್ಜಿಯ ಸೌಲಭ್ಯ ಇತ್ತು. ಎರಡು ಕರಡು ತೆರೆದೆ. ಮೊದಲನೆಯದಕ್ಕೆ 'ಅ' ಚಿತ್ರವನ್ನು 1 ಎಂದು ಹೆಸರಿಟ್ಟು ಏರಿಸಿದೆ. ತೆರೆದು ನೋಡಿದೆ, 'ಅ' ಇತ್ತು. ಎರಡನೆಯ ಕರಡಿಗೆ 'ಆ' ಚಿತ್ರವನ್ನು, ಅದಕ್ಕೂ 1 ಎಂದೇ ಹೆಸರಿಟ್ಟು ಏರಿಸಿದೆ. ಹಸಿರು ಗುರುತು. ವಾಪಸು ಮೊದಲನೆಯ ಕರಡಿಗೆ ಹೋಗಿ ತೆರೆದೆ.

'ಆ' ಇತ್ತು.

ಅಳಿಸಿ, ಹೆಸರು ಬೇರೆ ಬೇರೆ ಕೊಟ್ಟು ಏರಿಸಿದೆ. 'ಅ' ಅಲ್ಲೇ ಉಳಿಯಿತು, 'ಆ' ಅಲ್ಲೇ ಉಳಿಯಿತು. ಇನ್ನೂ ಎರಡು ಸಲ ಮಾಡಿ ಖಾತ್ರಿ ಮಾಡಿಕೊಂಡೆ. ಸಲ್ಲಿಸಿದ್ದ ಏಳು ಅರ್ಜಿಗಳಲ್ಲೂ ಒಂದನೆಯ ಚಿತ್ರ ಹೋಗಿ ಅಲ್ಲಿ 'ಆ' ಬಂದು ಕೂತಿತ್ತು. ಒಬ್ಬ ವೈದ್ಯರು ಏರಿಸುವ ಎಲ್ಲ ಫೈಲುಗಳನ್ನೂ ಅವರು ಒಂದೇ ಗೋಡೌನಿನಲ್ಲಿ ಇಡುತ್ತಿದ್ದರು. ಹೆಸರು ಒಂದೇ ಆದರೆ ಹೊಸದು ಬಂದು ಹಳೆಯದನ್ನು ಒರೆಸಿಹಾಕುತ್ತಿತ್ತು. ಎಲ್ಲರೂ ಒಂದರಿಂದ ಐದು ಎಂದೇ ಹೆಸರಿಡಬೇಕೆಂದು ಕಲಿಸಿದವರೂ ಅವರೇ. ಎರಡನೆಯ ಕುರಿ ಮೊದಲನೆಯದನ್ನು ತಿಂದಿತ್ತು, ಮೂರನೆಯದು ಎರಡನೆಯದನ್ನು. ಕೊನೆಗೆ ಉಳಿದದ್ದು ಗಬ್ಬದ ಕುರಿ.

ಇಷ್ಟೇನಾ ಎನಿಸಿ ಮೈ ಉರಿಯಿತು. ಗಟ್ಟಿ ರೋಗವಾಗಿದ್ದರೆ ಗೌರವವಾದರೂ ಬರುತ್ತಿತ್ತು. ಇದು ತೂಗುಹಾಕುವ ಮೊಳೆ ಒಂದೇ ಎಂದು ಎಲ್ಲರ ಅಂಗಿಯನ್ನೂ ಒಂದರ ಮೇಲೊಂದು ಹಾಕಿ, ಮೇಲಿನದು ಮಾತ್ರ ಅಂಗಿ ಎಂದು ಹೇಳಿದ ಹಾಗಿತ್ತು.

ಎಲ್ಲವನ್ನೂ ಬಿಡಿಸಿ ಕಾಗದ ಬರೆದೆ. ಮೇಲಧಿಕಾರಿ ಅದನ್ನು ಮುಂದೆ ಕಳಿಸಲು ಒಪ್ಪಲಿಲ್ಲ. "ಕಂಪನಿ ಜೋಡಿ ನಮಗ್ಯಾಕ ಬೇಕು? ನೀವ ಹೋಗಿ ಮಾತಾಡ್ರಿ, ನನ್ನ ಹೆಸರು ತರಬ್ಯಾಡ್ರಿ," ಎಂದರು. ಒಂದು ದಿನ ರಜೆ ಹಾಕಿ, ಒಡತಿಯನ್ನೂ ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಆಕೆ ಒಗೆದ ಸೀರೆ ಉಟ್ಟು, ಏಳು ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು.

ಕಂಪನಿಯ ಕಚೇರಿ ಒಂದು ಅಂಗಡಿಯ ಮಹಡಿಯ ಮೇಲಿತ್ತು. ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ನಮ್ಮ ಕಡೆಯವನೇ, ಮಾತು ಮೆತ್ತಗೆ. ಚಹಾ ತರಿಸಿದ. ನಾನು ಅವನ ಕಂಪ್ಯೂಟರಿನಲ್ಲೇ ಲಾಗಿನ್ ಆಗಿ ಅ-ಆ ಆಟವನ್ನು ಅವನ ಕಣ್ಣೆದುರು ಆಡಿ ತೋರಿಸಿದೆ. 'ಆ' ಬಂದು 'ಅ' ಹೋದಾಗ ಅವನು ಕನ್ನಡಕ ಸರಿಮಾಡಿಕೊಂಡ.

"ಇದು ನಿಮ್ಮ ಲಾಗಿನ್ನಿನಾಗ ಮಾತ್ರ ಆಗಿರಬೇಕ್ರಿ," ಎಂದ.

"ಹಂಗಾರ ಬ್ಯಾರೆ ಡಾಕ್ಟರದು ತಗೀರಿ. ಮಂಜೂರಾಗಿದ್ದ ತಗೀರಿ."

ಸ್ವಲ್ಪ ಹಿಂದೆಮುಂದೆ ನೋಡಿದ. ಆಮೇಲೆ ಕುಷ್ಟಗಿ ಕಡೆಯ ಒಬ್ಬ ವೈದ್ಯರ ಅರ್ಜಿಗಳನ್ನು ತೆರೆದ. ಬೇರೆ ಬೇರೆ ಊರು, ಬೇರೆ ಬೇರೆ ಮಾಲೀಕರು. ಎಲ್ಲದರಲ್ಲೂ ಒಂದೇ ಕಪ್ಪು ಆಡು, ಪಕ್ಕದಲ್ಲಿ ಒಬ್ಬನೇ ಮುದುಕ. ಎಲ್ಲವೂ ಮಂಜೂರು. ಮಂಜೂರು ಮಾಡಿದವನು ಇವನೇ.

"ಇವನ್ನ ತಗದು ನೋಡಿರಲಿಲ್ಲೇನ್ರಿ ನೀವು?" ಎಂದು ಕೇಳಿದೆ.

"ಒಂದೊಂದು ಬಂದ್ರ ನೋಡೂದಿಲ್ರಿ. ಟೈಮ್ ಎಲ್ಲೈತಿ? ಹಸಿರು ಬಂದಿದ್ರ ಮುಂದ ಕಳಸ್ತೀವಿ. ನಿಮ್ಮವು ಒಂದ ಹೆಸರಿನಾಗ ಏಳು ಬಂದ್ವು, ಅದಕ್ಕ ತಗದ್ವಿ."

ಅಷ್ಟು ಹೊತ್ತು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದ ಒಡತಿ ಎದ್ದು ಬಂದು ಪರದೆಗೆ ಬಗ್ಗಿ ನೋಡಿದಳು.

"ಈ ಆಡಿನವರಿಗೆ ರೊಕ್ಕ ಬಂದಾವೇನ್ರಿ?"

"ಬಂದಾವವ್ವಾ."

"ಬರಲಿ ಬಿಡ್ರಿ, ಅವರವೂ ಸತ್ತಿರಬೇಕು. ಹಂಗಾರ ನಾ ಯಾಕ ಖೊಟ್ಟಿ ಆದ್ನಿ?"

ಅವನು ಆಡಿನ ಚಿತ್ರ ಮುಚ್ಚಿದ. ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಿದ.

"ಮೇಡಂ, ನಿಮ್ಮ ಏಳೂ ಅರ್ಜಿ ಈಗ ತೆರದು ಕೊಡ್ತೀನಿ. ಹಳೇ ಫೋಟೋನ ಏರಸ್ರಿ, ಬ್ಯಾರೆ ಹೆಸರು ಕೊಟ್ಟು. ಅಗಿಯೂದು ಬ್ಯಾಡ, ಏನೂ ಬ್ಯಾಡ. ಕಾಗದ ಮಾತ್ರ ನಿಮ್ಮ ಚೀಲದಾಗ ಇಟ್ಕೊರಿ. ಕಾಗದ ಬಂದ್ರ ನಾ ಮ್ಯಾಲ ಕಳಸಬೇಕು. ಮ್ಯಾಲ ಹ್ವಾದ್ರ ಹಿಂದಿನವೆಲ್ಲಾ ತಗೀತಾರ."

ವಾರದಿಂದ ಊರ ಕಣ್ಣಲ್ಲಿ ಮೋಸಗಾರ್ತಿಯಾಗಿದ್ದ ಹೆಂಗಸು ಪಕ್ಕದಲ್ಲಿ ನಿಂತಿದ್ದಳು. ಹಳೆಯ ಫೋಟೋ ನಿಯಮದ ಪ್ರಕಾರ ನಡೆಯುವುದಿಲ್ಲವೆಂದು ಆಕೆಯನ್ನು ಗುಂಡಿಯ ಅಂಚಿಗೆ ಕಳಿಸಿದವರು, ಈಗ ತಮ್ಮ ಕುತ್ತಿಗೆಗೆ ಬಂದಾಗ ಒಂದು ಗುಂಡಿ ಒತ್ತಿ ನಿಯಮವನ್ನೇ ಎತ್ತಿಡಬಲ್ಲರು. ನನ್ನ ಮುಂದಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.  ಕಾಗದ ಮಡಚಿ ಚೀಲಕ್ಕೆ ಹಾಕಿದೆ.

ಅಲ್ಲೇ ಕುಳಿತು ಏರಿಸಿದೆ. ಪ್ರತಿ ಫೈಲಿಗೂ ಮುಂದೆ ಬಿಲ್ಲೆಯ ಅಂಕಿ, ಹಿಂದೆ ಚಿತ್ರದ ಅಂಕಿ. ಐದೈದು ಆರಿಸಿ, ಏಳು ಸಲ. ಪ್ರತಿ ಸಲವೂ ವಾಪಸು ತೆರೆದು, ಮೊದಲಿನವು ಇದ್ದಲ್ಲೇ ಇವೆಯೇ ಎಂದು ನೋಡಿದೆ. ಬಿಳಿ ಮುಖದ್ದು, ಮುರಿದ ಕೊಂಬಿನ ಟಗರು, ಕಂದು ಬಣ್ಣದ ಎರಡು. ಕಳೆದುಹೋಗಿದ್ದ ಆರೂ ಒಂದೊಂದಾಗಿ ಬಂದವು. ಒಡತಿ ಒಂದೊಂದಕ್ಕೂ "ಹೌದು, ಇದ" ಎನ್ನುತ್ತಿದ್ದಳು. ಏಳನೆಯದು ಬಂದಾಗ ಆಕೆ ಕಿಟಕಿಯ ಹತ್ತಿರ ಹೋಗಿ ನಿಂತಳು.

ಮುಂದಿನ ತಿಂಗಳು ಆಕೆಯ ಖಾತೆಗೆ ಪರಿಹಾರ ಬಂತು. ನನ್ನಿಂದ ವಿವರಣೆ ಕೇಳಿದ್ದ ಪತ್ರವನ್ನು ಮೇಲಧಿಕಾರಿ, "ಮುಗೀತಲ್ಲ ಮೇಡಂ," ಎಂದು ಕಡತದೊಳಗೆ ಸೇರಿಸಿದರು. ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಪರಿಚಯದ ವೈದ್ಯರಿಗೆಲ್ಲ ಫೋನು ಮಾಡಿ, ಫೈಲಿಗೆ ಬಿಲ್ಲೆಯ ಅಂಕಿ ಕೊಡಿ ಎಂದು ಹೇಳಿದೆ. ಗಂಗಾವತಿಯವರೊಬ್ಬರು ನಕ್ಕು, "ನಮ್ಮದು ಪಾಸಾಗ್ಲಿಕತ್ತಾವಲ್ರಿ, ಯಾಕ ಕೆದರ್ತೀರಿ?" ಎಂದರು. ವಾಸನೆ ಹೋಗಿರಲಿಲ್ಲ. ಚೀಲ ತೆರೆದಾಗಲೆಲ್ಲ ಆ ಕಾಗದ ಕೈಗೆ ತಾಗುತ್ತಿತ್ತು.

ಜಂತುಹುಳದ ಔಷಧಿಗೆಂದು ಒಡತಿ ಆಸ್ಪತ್ರೆಗೆ ಬಂದಳು. ಔಷಧಿ ಕಟ್ಟಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ ಕೇಳಿದಳು.

"ಡಾಕ್ಟ್ರವ್ವಾ, ಅವತ್ತ ಒಂದು ಕಾಗದ ಚೀಲದಾಗ ಇಟ್ರೆಲ್ಲ, ಅದರಾಗ ಏನಿತ್ರಿ?"

ಹೇಳಿದೆ. ಕಂಪನಿಯ ತಪ್ಪು ಏನು, ಅದು ಇನ್ನೂ ಹಾಗೇ ಇದೆ, ನಾಳೆ ಇನ್ನೊಬ್ಬರ ಕುರಿ ಹೀಗೇ ಕಳೆಯಬಹುದು ಎಂದೆ.

"ನನ್ನ ಸಲುವಾಗಿ ಒಳಗ ಇಟ್ಕೊಂಡ್ರಿ ಅಂತಾತು."

"ಹೂಂ."

"ನಂದು ಮುಗೀತಲ್ಲ. ಈಗ ಕೊಡ್ರಿ."

ನೌಕರರು ಬರೆದರೆ ಮೆಮೋ ಬರುತ್ತದೆ ಎಂದೆ. ಆಕೆ ಯೋಚಿಸಿದಳು. "ನನ್ನ ಹೆಸರು ಮೊದಲ ಹಾಕ್ರಿ. ವಿಮೆ ಕಂತು ಕಟ್ಟಿದಾಕಿ ನಾನು. ನನಗ ಯಾವ ಮೆಮೋ ಕೊಡ್ತಾರ?"

ಹೊಸದಾಗಿ ಬರೆದೆ. ಆಕೆಯ ಸಹಿ ಮೇಲೆ, ಪರೀಕ್ಷೆ ಮಾಡಿದ ವೈದ್ಯೆಯೆಂದು ನನ್ನದು ಕೆಳಗೆ. ಮುಂದಿನವರಿಗೆ ತೊಂದರೆಯಾಗದಿರಲಿ, ಹಿಂದೆ ಮಂಜೂರಾದವರಿಂದ ಪರಿಹಾರ ವಾಪಸು ಕೇಳಬಾರದು ಎಂದೂ ಒಂದು ಸಾಲು ಸೇರಿಸಲು ಆಕೆಯೇ ಹೇಳಿದಳು. ಕಂಪನಿಯ ಮುಖ್ಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು.

ನನಗೆ ಮೆಮೋ ಬಂತು. ಅಧಿಕೃತ ವೆಬ್‌ಸೈಟಿಗೆ ಸಂಬಂಧವಿಲ್ಲದ ಅಕ್ಷರಗಳ ಚಿತ್ರ ಏರಿಸಿದ್ದೇಕೆ ಎಂದು ಕೇಳಿದ್ದರು. ತಪ್ಪು ಹುಡುಕಲು ಎಂದು ಬರೆದು ಕೊಟ್ಟೆ. ಒಂದು ದಿನ, ಯಾರೂ ಹೇಳದೆ ಕೇಳದೆ, ವೆಬ್‌ಸೈಟು ತಾನೇ ಪ್ರತಿ ಫೈಲಿಗೂ ಅರ್ಜಿಯ ಸಂಖ್ಯೆ ಅಂಟಿಸತೊಡಗಿತು. ನಾನು ಒಂದು ಎರಡು ಮೂರು ಎಂದೇ ಹೆಸರಿಟ್ಟು ಪರೀಕ್ಷಿಸಿದೆ. ಯಾವುದೂ ಯಾವುದನ್ನೂ ತಿನ್ನಲಿಲ್ಲ.

ಒಡತಿಗೆ ಕಂಪನಿಯ ಉತ್ತರ ಅಂಚೆಯಲ್ಲಿ ಬಂದಿತ್ತು. ಓದಿಸಲು ನನ್ನಲ್ಲಿಗೆ ತಂದಳು. ತಾಂತ್ರಿಕ ಸುಧಾರಣೆ ಕೈಗೊಳ್ಳಲಾಗಿದೆ, ನಿಮ್ಮ ಸಹಕಾರಕ್ಕೆ ಧನ್ಯವಾದ. ಓದಿ ಹೇಳಿದೆ.

"ಅಷ್ಟನ?"

"ಅಷ್ಟ."

"ನನ್ನ ಖೊಟ್ಟಿ ಅಂದಿದ್ದು ತಪ್ಪಾತು ಅಂತ ಎಲ್ಲಿ ಐತ್ರಿ?"

ಇನ್ನೊಮ್ಮೆ ಓದಿದೆ. ಹಿಂಬದಿಯನ್ನೂ ತಿರುಗಿಸಿ ನೋಡಿದೆ. "ಇಲ್ಲ ಯಕ್ಕಾ."

ಆಕೆ ಬೆಂಚಿನ ಮೇಲೆ ಕುಳಿತು, ಕಾಲಿನ ಧೂಳು ಕೊಡವಿಕೊಂಡಳು.

"ಹಂಗಾರ ಇನ್ನೊಂದು ಬರೀರಿ."